ದೊಡ್ಡವ್ವನ ಕಾಲಿಗೆ ಇಳಿದ ಗಾಡಿ

ಹೋದ ಭಾನುವಾರ ಹಳೇ ಪಿಕಪ್ಪಿನ ಕೆಳಗೆ ಮಲಗಿ, ತುಕ್ಕು ಹಿಡಿದ ಬೋಲ್ಟಿಗೆ ಡೀಸೆಲ್ ಬಿಟ್ಟೆ. ಡೀಸೆಲ್ ಕುಡಿದ ತುಕ್ಕಿಗೆ ಅದರದೇ ಒಂದು ವಾಸನೆ. ಮೂಗಿಗೆ ಅದು ಬಡಿದದ್ದೇ ತಡ, ಪಕ್ಕದ ಮನೆಯ ದೊಡ್ಡವ್ವ ಬಂದು ತಲೆಯ ಹತ್ತಿರ ಕೂತಂತಾಯಿತು…

ರಕ್ತಸಂಬಂಧವಲ್ಲ. ಬೈರಾಪಟ್ಟಣದಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಗಂಡ ತೀರಿಕೊಂಡ ಮೇಲೆ ಪಿಕಪ್ಪಿಗೆ ಅವಳೇ ಯಜಮಾನಿ. ನನಗೆ ಗಾಡಿ ಕಲಿಸಲು ಹಟ ಹಿಡಿದವಳೂ ಅವಳೇ. ತೆಂಗಿನಕಾಯಿ ತುಂಬಿಕೊಂಡು ಚನ್ನಪಟ್ಟಣಕ್ಕೆ ಹೊರಟರೆ ಎಡಗಡೆ ಸೀಟಿನಲ್ಲಿ ಅವಳು, ಸ್ಟೇರಿಂಗ್ ಹಿಡಿದು ನಾನು. ಕಾಯಿ ಇಳಿಸಿ ಹಾಗೇ ಕಾಲೇಜಿಗೆ ಹೋಗುತ್ತಿದ್ದೆ. ಪುಸ್ತಕದ ಚೀಲದ ತುಂಬ ನಾರು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಘಟಿಕೋತ್ಸವದ ದಿನ ಗೊತ್ತಾಗುವ ಹೊತ್ತಿಗೆ ದೊಡ್ಡವ್ವನ ಮಂಡಿ ಕೈಕೊಟ್ಟಿತ್ತು. ಕಾಯಿಯ ಭಾರ ತಡೆಯಲೆಂದು ಅವಳ ಗಂಡ ನಾಲ್ಕೂ ಚಕ್ರದ ಸ್ಪ್ರಿಂಗಿಗೆ ಹೆಚ್ಚುವರಿ ಕಮಾನುಪಟ್ಟಿ ಸೇರಿಸಿ ಗಾಡಿಯನ್ನು ಎತ್ತರಿಸಿದ್ದ. ಅಷ್ಟೆತ್ತರಕ್ಕೆ ಅವಳ ಕಾಲು ಏರುತ್ತಿರಲಿಲ್ಲ. ನಾವೇ ಎತ್ತಿ ಕೂರಿಸುತ್ತೇವೆ ಅಂದ ಅವಳ ಮೈದುನ.

"ನಾನೇನು ಮೂಟೆಯೇನ್ಲಾ? ಎತ್ತಾಕ್ಸ್ಕಂಡು ನಾನ್ ಬರಕ್ಕಿಲ್ಲ."

"ಬಾಡಿಗೆ ಕಾರು ತರ್ಲಾ ದೊಡ್ಡವ್ವ?" ಅಂದೆ ನಾನು.

"ಮನೇಲಿ ಗಾಡಿ ಮಡೀಕಂಡು ಬಾಡಿಗೆ ಕಾರಾ? ಹತ್ತುದ್ರೆ ನನ್ ಗಾಡೀನೇ, ನನ್ ಕಾಲಲ್ಲೇ."

ಅವಳು ನೋಡದ ಡಿಗ್ರಿ ನನಗೆ ಅರ್ಧ ಡಿಗ್ರಿ. ಕಾಲು ಏರದಿದ್ದರೆ ಗಾಡಿಯೇ ಇಳಿಯಲಿ ಅಂದುಕೊಂಡೆ.

ಅಂಗಳದಲ್ಲೇ ಜಾಕ್ ಕೊಟ್ಟು, ಅಡಿಗೆ ಮರದ ದಿಮ್ಮಿ ಒತ್ತುಕೊಟ್ಟೆವು. ಮೈದುನ ಸ್ಪ್ಯಾನರ್ ಹಿಡಿದ, ನಾನು ಅಡಿಗೆ ನುಗ್ಗಿದೆ. ದೊಡ್ಡವ್ವ ಒರಳುಕಲ್ಲಿನ ಮೇಲೆ ಕೂತು, "ಇನ್ನೊಸಿ ಡೀಸೆಲ್ ಬುಡೇ, ತುಕ್ಕೇನು ನಿನ್ ನೆಂಟನಾ?" ಅನ್ನುತ್ತಿದ್ದಳು. ಮುಂದಿನ ಎರಡೂ ಕಡೆಯ ಹೆಚ್ಚುವರಿ ಪಟ್ಟಿ ಕಳಚಿ ಗಾಡಿ ಇಳಿಸಿದರೆ, ಮೂತಿ ನೆಲಕ್ಕೆ, ಹಿಂಭಾಗ ಆಕಾಶಕ್ಕೆ!

"ತೊಟ್ಟೀಲಿ ನೀರ್ ಕುಡಿಯೋ ಹೋರಿ ಥರ ನಿಂತೈತೆ. ಒಂದು ಬಾಲ ಕಟ್ಬುಡ್ರಿ," ಅಂದು ಬಿದ್ದುಬಿದ್ದು ನಕ್ಕಳು.

ಹಿಂದಿನದಕ್ಕೆ ಕೈ ಹಾಕಲು ಮೈದುನ ಹಿಂಜರಿದ. "ಅತ್ಗೆಮ್ಮ, ಇದ್ನೂ ಕಿತ್ರೆ ಗಾಡಿ ಇನ್ನು ಮೊದ್ಲಿನಂಗೆ ಕಾಯಿ ಹೊರಕ್ಕಿಲ್ಲ."

"ಕಾಯಿ ಹೊತ್ತಿದ್ದು ಸಾಕು. ಇನ್ಮೇಲೆ ನನ್ನ ಹೊರ್ಲಿ."

ಹಿಂಭಾಗವೂ ಇಳಿಯಿತು. ಅವಳು ಎದ್ದು ಬಂದು ಬಾಗಿಲು ಹಿಡಿದಳು. ನಾವಿಬ್ಬರೂ ಕೈಕಟ್ಟಿ ನಿಂತೆವು. ಮುಟ್ಟಿದರೆ ಬೈಗುಳ ಖಂಡಿತ. ಒಂದು ಕಾಲಿಟ್ಟಳು, ಹಲ್ಲು ಕಚ್ಚಿದಳು… ಸೀಟಿನ ಮೇಲಿದ್ದಳು. ಸೆರಗು ಸರಿಮಾಡಿಕೊಂಡು, "ಏನ್ ನೋಡ್ತಾ ನಿಂತಿದ್ದೀಯೆ, ಹೊರಡು" ಅಂದಳು.

"ಘಟಿಕೋತ್ಸವ ಇವತ್ತಲ್ಲ ದೊಡ್ಡವ್ವ, ನಾಳಿದ್ದು."

"ಗೊತ್ತು ಕಣೇ. ಊರೊಳಗೆ ಒಂದ್ ಸುತ್ತು ಹೊಡಿ."

ಬೆಂಗಳೂರಿನ ಆ ಸಭಾಂಗಣದಲ್ಲಿ ನನ್ನ ಹೆಸರು ಕೂಗಿದಾಗ ಎಲ್ಲರೂ ಕೂತೇ ಚಪ್ಪಾಳೆ ತಟ್ಟಿದರು. ಆ ಮಂಡಿ ಹಿಡಿದುಕೊಂಡು ಎದ್ದು ನಿಂತವಳು ಅವಳೊಬ್ಬಳೇ.

ಈಗ ಅವಳಿಲ್ಲ. ಗಾಡಿಯನ್ನು ನನಗೇ ಬಿಟ್ಟುಹೋದಳು. ರಸ್ತೆಯ ಹಂಪುಗಳಿಗೆ ಅದರ ಹೊಟ್ಟೆ ಉಜ್ಜುತ್ತದೆ. ಅವತ್ತು ಕಳಚಿ ಅಟ್ಟದ ಮೇಲಿಟ್ಟ ಪಟ್ಟಿಗಳನ್ನು ಮತ್ತೆ ಸೇರಿಸಿ ಎತ್ತರಿಸೋಣವೆಂದೇ ಭಾನುವಾರ ಅಡಿಗೆ ಮಲಗಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಬೈಕಿನ ಹುಡುಗರು ನಿಂತು, "ಮೇಡಂ, ಗಾಡಿ ಲೋ ಮಾಡ್ಸಿದ್ದೀರಾ, ಸಖತ್ ಸ್ಟೈಲು!" ಅಂದರು.

"ಸ್ಟೈಲ್ ಮಾಡ್ದೋಳು ನಾನಲ್ಲ ಕಣ್ರೋ" ಅಂದೆ.

ಸಡಿಲಿಸಿದ ಬೋಲ್ಟನ್ನು ಮತ್ತೆ ಬಿಗಿದೆ. ಹಂಪ್ ಬಂದರೆ ನಿಧಾನಕ್ಕೆ ಹತ್ತಿಸಿ ಇಳಿಸುತ್ತೇನೆ. ಹಿಂದಿನವರು ಹಾರನ್ ಹೊಡೆಯುತ್ತಾರೆ, ಹೊಡೆಯಲಿ. ಎಡಗಡೆ ಸೀಟು ಖಾಲಿಯೇ ಇದೆ… ಬಾಗಿಲು ಮಾತ್ರ ಅವಳ ಕಾಲಿಗೆ ಎಟುಕುವಷ್ಟೇ ಎತ್ತರದಲ್ಲಿದೆ.