ಇಪ್ಪತ್ತು ತುಂಬುವ ಮೊದಲು

ಹತ್ತೊಂಬತ್ತು ದಾಟಿದ ಹುಡುಗಿಯನ್ನು ದತ್ತು ತೆಗೆದುಕೊಳ್ಳಬೇಕು ಎಂದಾಗ ವಕೀಲೆ ಪೆನ್ನು ಕೆಳಗಿಟ್ಟು, ಹುಟ್ಟುಹಬ್ಬ ಯಾವಾಗ ಎಂದು ಕೇಳಿದಳು. ನಾವು ಬಂದು ನೆಲೆಸಿದ ಈ ದೇಶದಲ್ಲಿ ಇಪ್ಪತ್ತು ತುಂಬಿದವರನ್ನು ದತ್ತು ಪಡೆಯಲು ಬರುವುದಿಲ್ಲವಂತೆ. ನನ್ನ ಎದೆ ಡವಡವ ಹೊಡೆದುಕೊಂಡಿತು. ಹೆದರಿಕೆಯಿಂದಲ್ಲ, ಹುರುಪಿನಿಂದ. ಗಡುವು ಎಂದರೆ ಸಾಕು, ನನಗೆ ಮೈಮೇಲೆ ದೇವರು ಬರುತ್ತದೆ.

ಅವಳು ನನ್ನ ಗೆಳತಿಯ ಮಗಳು. ಇಲ್ಲಿಗೆ ಓದಲು ಬಂದ ಹೊಸದರಲ್ಲಿ ನಾವಿಬ್ಬರೂ ಒನೆಹುಂಗಾ ಬಡಾವಣೆಯಲ್ಲಿ ಫ್ಲ್ಯಾಟ್‌ಮೇಟ್‌ಗಳಾಗಿದ್ದು, ಒಂದೇ ಕುಕ್ಕರಿನ ಅನ್ನ ಉಂಡವರು. ಗೆಳತಿ ಕಾಯಿಲೆಯಿಂದ ತೀರಿಕೊಂಡಾಗ ಹುಡುಗಿಗೆ ಇನ್ನೂ ಪ್ರೈಮರಿ ಶಾಲೆ. ತಂದೆ ಅದಕ್ಕೂ ಮೊದಲೇ ತೀರಿಹೋಗಿದ್ದ. ಹಿಲ್ಸ್‌ಬರೋದ ನಮ್ಮ ಮನೆಯಲ್ಲೇ ಬೆಳೆದಳು. ಕೋರ್ಟು ನಮ್ಮನ್ನು ಪೋಷಕರನ್ನಾಗಿ ನೇಮಿಸಿತ್ತು. ಹದಿನೆಂಟಕ್ಕೆ ಅದೂ ಮುಗಿಯಿತು. "ಕಾಗದದ ಮೇಲೆ ಈಗ ನಾನು ಯಾರ ಮಗಳೂ ಅಲ್ಲ, ಆಂಟಿ," ಎಂದು ಒಂದು ದಿನ ಅವಳೇ ಪಾತ್ರೆ ಒರೆಸುತ್ತ ಅಂದಳು. ಆವತ್ತೇ ನಾನೂ ನನ್ನ ಗಂಡನೂ ನಿರ್ಧಾರ ಮಾಡಿದೆವು.

ಅರ್ಜಿ ಹೋಯಿತು. ಧಾರವಾಡದಿಂದ ಅತ್ತೆ ಫೋನಿನಲ್ಲಿ, "ಆಗೋತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ದೃಷ್ಟಿ ಆಗ್ತದ," ಎಂದರು. ನಾವು ಬಾಯಿ ಬಿಡಲಿಲ್ಲ. ನಮ್ಮ ಬಗ್ಗೆ ವಿಚಾರಿಸಲು ಯಾರ ಹೆಸರು ಕೊಟ್ಟಿದ್ದೆವೋ ಅವರಿಗೂ ಹೇಳಲಿಲ್ಲ! ಕೋರ್ಟಿಗೆ ವರದಿ ಬರೆಯಬೇಕಿದ್ದ ಸೋಶಿಯಲ್ ವರ್ಕರ್, ಪೊರಿರುವಾ ಊರಿನಲ್ಲಿರುವ, ನಮಗೆಲ್ಲ ಅಕ್ಕನಂತಿರುವ ಹುಬ್ಬಳ್ಳಿ ಮೂಲದ ಒಬ್ಬರಿಗೆ ಫೋನು ಮಾಡಿದರೆ, ಅವರು ಖಡಾಖಂಡಿತವಾಗಿ, ದತ್ತು ಗಿತ್ತು ಏನೂ ಇಲ್ಲ, ಇದ್ದಿದ್ದರೆ ಮೊದಲು ನನಗೇ ಹೇಳುತ್ತಿದ್ದರು ಎಂದುಬಿಟ್ಟರು. ಇವರಿಗೆ ನಿಜವಾಗಿ ಮನಸ್ಸಿದೆಯೋ ಇಲ್ಲವೋ ಎಂಬ ಅನುಮಾನದಲ್ಲಿ ವರದಿ ನಿಂತುಹೋಯಿತು.

ಸುದ್ದಿ ಕೇಳಿ ನಾನು ಕೆಂಡವಾದೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಗಂಡನ ಮೇಲೆ ಹರಿಹಾಯ್ದೆ. ಆಮೇಲೆ ಪೊರಿರುವಾಕ್ಕೆ ಫೋನು ಹಚ್ಚಿ ಎಲ್ಲ ಹೇಳಿದೆ.

"ನಂದೇನು ಕಣ್ಣೋ, ಕೊಳ್ಳಿಯೋ, ದೃಷ್ಟಿ ತಾಗಾಕ?" ಎಂದು ಅಕ್ಕ ಮೊದಲು ಉಗಿದರು, ಆಮೇಲೆ ಅತ್ತರು. "ನೀ ಮೊದ್ಲ ಫೋನ್ ಇಡು. ನಾ ಆ ವರದಿ ಬರಿಯೋ ಆಕಿ ಜೋಡಿ ಮಾತಾಡ್ತೀನಿ."

ಏನು ಮಾತಾಡಿದರೋ, ಎಷ್ಟು ಹೊತ್ತು ಮಾತಾಡಿದರೋ! ಮುಂದಿನ ವಾರವೇ ವರದಿ ಕೋರ್ಟು ಸೇರಿತು.

ವಿಚಾರಣೆ ಬಂದದ್ದು ಹುಟ್ಟುಹಬ್ಬದ ಹಿಂದಿನ ದಿನ. ನಾನು ಮದುವೆಮನೆಗೆ ಹೊರಟವಳಂತೆ ಇಳಕಲ್ ಸೀರೆ ಉಟ್ಟಿದ್ದೆ. ನ್ಯಾಯಾಧೀಶರು ಅವಳ ಕಡೆ ತಿರುಗಿ, ಹೊಸ ಜನನ ಪ್ರಮಾಣಪತ್ರದಲ್ಲಿ ಹೆತ್ತ ತಾಯಿಯ ಹೆಸರು ಇರುವುದಿಲ್ಲ, ಅದು ಗೊತ್ತಿದೆಯೇ ಎಂದು ಕೇಳಿದರು.

ವಕೀಲೆ ಇದನ್ನು ಮೊದಲೇ ಹೇಳಿದ್ದಳು. ನಾನೂ ಹುಡುಗಿಯೂ ಒಮ್ಮೆಯೂ ಆ ಮಾತು ಎತ್ತಿರಲಿಲ್ಲ. ಅವಳು ಬೇಡ ಎಂದಿದ್ದರೆ ನಾನು ಏನೂ ಅನ್ನುವಂತಿರಲಿಲ್ಲ.

"ಗೊತ್ತು," ಎಂದು ಅವಳು ಇಂಗ್ಲಿಷಿನಲ್ಲೇ ಹೇಳಿದಳು. "ಆದರೆ ಇವರು ನನ್ನನ್ನು ಬೈಯುವಾಗಲೆಲ್ಲ ಅಮ್ಮನ ಹೆಸರು ಎತ್ತುತ್ತಾರೆ. ಥೇಟ್ ಅವಳೇ ನೀನು ಅನ್ನುತ್ತಾರೆ. ದಿನಾ ಬೈಯುತ್ತಾರೆ. ಆ ಹೆಸರು ನಮ್ಮ ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ."

ನ್ಯಾಯಾಧೀಶರು ನಕ್ಕು ಸಹಿ ಹಾಕಿದರು. ನನಗೆ ತಡೆಯಲಾಗಲಿಲ್ಲ. ಕೋರ್ಟು ಎಂಬುದನ್ನೂ ಮರೆತು, ಸತ್ತ ಗೆಳತಿಯ ಹೆಸರು ಹಿಡಿದು ಜೋರಾಗಿ ಕೂಗಿದೆ: "ಕೇಳಿದ್ಯೇನ, ನಮ್ಮ ಮಗಳು ಹೆಂಗ ಮಾತಾಡಿದ್ಲು!"