ಮಾಸ್ತರರು ಬರೆದ ಒಡಕು ಹಿಮ್ಮಡಿ

ನಮ್ಮ ಚಿತ್ರಕಲಾ ಮಾಸ್ತರರ ಅಂಗಿಯ ಎಡತೋಳು ಬಲತೋಳಿಗಿಂತ ಭಾರವಾಗಿತ್ತು. ಕುಂಚ ಒರೆಸಲು ಬೇರೆ ಅರಿವೆ ಇಟ್ಟುಕೊಳ್ಳುವುದು ಘನತೆಗೆ ಕುಂದೆಂದು ಅವರು ತಿಳಿದಿದ್ದರಿಂದ, ಬಣ್ಣ ಪದರುಪದರಾಗಿ ಒಣಗಿ ತೋಳು ಹಲಗೆಯಂತೆ ಗಡುಸಾಗಿರುತ್ತಿತ್ತು. ವಿಜಯಪುರದ ಬಸ್ ನಿಲ್ದಾಣದಲ್ಲಿ ಜನ ಅವರಿಗೆ ಸರಿದು ಜಾಗ ಬಿಡುತ್ತಿದ್ದರು. ಗೌರವಕ್ಕಲ್ಲ, ಬಣ್ಣ ಹತ್ತೀತೆಂದು. ಆದರೂ ಜಾಗ ಸಿಗುತ್ತಿತ್ತಲ್ಲ, ಅದು ನನಗೆ ಸೇರುತ್ತಿರಲಿಲ್ಲ.

ನಾವಿಬ್ಬರೂ ಒಂದೇ ಕಲಾಶಾಲೆಯಲ್ಲಿದ್ದೆವು. ಅವರು ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು, ನಾನು ಚಿತ್ರಕಲೆಯ ಇತಿಹಾಸವನ್ನು. ವಯಸ್ಸಿನಲ್ಲಿ ಅವರು ನನಗಿಂತ ತುಸು ಹಿರಿಯರು. ಅದೂ ಒಂದು ಅನ್ಯಾಯವೇ. ನ್ಯಾಯವಾಗಿ ನೋಡಿದರೆ, ನಾವಿಬ್ಬರೂ ಪಾಠದಲ್ಲಿ ತರುತ್ತಿದ್ದ, ನಾನೂರು ವರ್ಷದ ಹಿಂದಿನ ಬರೋಕ್ ಶೈಲಿಯ ಇಟಲಿಯ ಚಿತ್ರಕಾರನೊಬ್ಬ ನನ್ನ ಪಾಲಿನವನು. ಅವನ ಜೀವನ, ಕೃತಿಗಳು, ಪ್ರಭಾವ ಎಲ್ಲವನ್ನೂ ನಾನು ಕ್ರಮಬದ್ಧವಾಗಿ ಹೇಳುತ್ತಿದ್ದೆ. ಹುಡುಗರು ಅಷ್ಟೇ ಕ್ರಮಬದ್ಧವಾಗಿ ನಿದ್ದೆ ಹೋಗುತ್ತಿದ್ದರು. ಮಾಸ್ತರರು ಅವನನ್ನು ಸೋದರಮಾವನ ಮಗನೋ ಎಂಬಂತೆ 'ನಮ್ಮ ಇಟಲಿಯವ' ಎನ್ನುತ್ತಿದ್ದರು. ಕಿಟಕಿಗಳನ್ನೆಲ್ಲ ಮುಚ್ಚಿಸಿ, ಒಂದನ್ನು ಮಾತ್ರ ಅರ್ಧ ತೆರೆದು, ಆ ಬೆಳಕಿನಲ್ಲಿ ಶಾಲೆಯ ಸಿಪಾಯಿಯನ್ನು ಕೂರಿಸುತ್ತಿದ್ದರು.

"ನೋಡ್ರಲೇ, ಸಿಪಾಯಿ ಈಗ ಸಂತ ಆದ. ನಮ್ಮ ಇಟಲಿಯವ ಹಿಂಗ ಬೀದ್ಯಾಗಿನ ಮಂದೀನ ಕರಕೊಂಡು ಬಂದು ದೇವರ ಚಿತ್ರ ಬರೀತಿದ್ದ. ದೊಡ್ಡವರು ಕರದು ಕೆಲಸ ಕೊಡ್ತಿದ್ರು, ಇಂವ ಜಗಳಾ ತಗೀತಿದ್ದ. ಒಬ್ಬನ್ನ ಕೊಂದು ಊರು ಬಿಟ್ಟ. ಓಡಿಕೋಂತ ಬರದ, ಬರಕೋಂತ ಓಡಿದ, ನಡುಹಾದ್ಯಾಗ ಸತ್ತ. ಸಂತನ ಕಾಲು ಹೊಲಸ ಅದಾವು ಅಂತ ಚರ್ಚಿನವರು ಚಿತ್ರಾನ ಒಲ್ಲೆ ಅಂದ್ರು. ಅದರಕಿಂತ ದೊಡ್ಡ ಪದವಿ ಯಾವ ಚಿತ್ರಕಾರಗ ಸಿಕ್ಕೇತ್ರಲೇ?"

ಹುಡುಗರು ರೆಪ್ಪೆ ಬಡಿಯದೆ ಕೇಳುತ್ತಿದ್ದರು. ಬಾಗಿಲ ಹೊರಗೆ ನಿಂತು ನಾನೂ ಕೇಳುತ್ತಿದ್ದೆ, ತಪ್ಪುಗಳನ್ನು ಗುರುತಿಸುವ ಶೈಕ್ಷಣಿಕ ಉದ್ದೇಶದಿಂದ.

ಹೊನವಾಡದ ಹಿರಿಯರು ತಮ್ಮ ದಾಸೋಹದ ಮನೆಯ ಗೋಡೆಗೆ ಶರಣರ ಊಟದ ಪಂಕ್ತಿಯ ಚಿತ್ರ ಬೇಕೆಂದು ಬಂದವರು ನೆಟ್ಟಗೆ ಮಾಸ್ತರರ ಬಳಿಗೇ ಹೋದರು. ನಾನೂ ಚಿತ್ರ ಬರೆಯುತ್ತೇನೆಂಬುದು ಅವರಿಗೆ ತಿಳಿದಿರಲಿಲ್ಲ. ಬಹಳ ಮಂದಿಗೆ ತಿಳಿದಿರಲಿಲ್ಲ. ಮಾಸ್ತರರು ಸೊಲ್ಲಾಪುರ ರಸ್ತೆಯ ವೆಲ್ಡಿಂಗ್ ಅಂಗಡಿಯವನನ್ನೂ ಘೋಣಸಗಿಯ ಕುರಿ ಕಾಯುವ ಅಜ್ಜನನ್ನೂ ಎದುರಿಗೆ ಕೂರಿಸಿಕೊಂಡು ಶರಣರನ್ನು ಬರೆದರು. ಸುತ್ತ ಕತ್ತಲೆ, ಒಂದೇ ದೀಪ. ಎಲ್ಲರಿಗಿಂತ ಮುಂದೆ, ನಮಗೆ ಬೆನ್ನು ಮಾಡಿ ಮಂಡಿಯೂರಿ ರೊಟ್ಟಿ ನೀಡುತ್ತಿರುವ ಶರಣ. ಅವನ ಎರಡೂ ಅಂಗಾಲು ನಮ್ಮ ಮುಖಕ್ಕೆ. ಹಿಮ್ಮಡಿಯ ಬಿರುಕಿನಲ್ಲಿ ಎರೆಮಣ್ಣು.

ಹಿರಿಯರು ಚಿತ್ರ ನೋಡಿ ಒಪ್ಪಬೇಕಾದ ದಿನ ನನ್ನನ್ನೂ ತಜ್ಞನೆಂದು ಕರೆದಿದ್ದರು.

"ಮಾಸ್ತರ, ಚಿತ್ರ ಛಲೋ ಐತಿ. ಆದರ ಶರಣರು ನಮಗ ಅಂಗಾಲ ತೋರಸಾಕತ್ತಾರಲ್ರಿ," ಎಂದರು ಹಿರಿಯರು. "ಅದೂ ಒಡದ ಅಂಗಾಲ. ಧೋತರ ಸ್ವಲ್ಪ ಇಳಿಬಿಟ್ಟು ಮುಚ್ಚಿಬಿಡ್ರಿ."

"ಮುಚ್ಚೂದಿಲ್ರಿ. ಬ್ಯಾಡಂದ್ರ ಗ್ವಾಡಿಗೆ ಸುಣ್ಣಾ ಹೊಡೀರಿ," ಎಂದರು ಮಾಸ್ತರರು.

ನಾನು ಅವರ ಮುಖ ನೋಡಿದೆ. ಅಲ್ಲಿ ಸಿಟ್ಟಿರಲಿಲ್ಲ, ಅಕ್ಷತೆಯ ಅಕ್ಕಿಕಾಳಿಗೆ ಕಾದು ನಿಂತ ಮದುಮಗನ ಕಳೆಯಿತ್ತು. ನನಗೆ ಆಗ ಹೊಳೆಯಿತು. ಇವರ ಚಿತ್ರವೂ ತಿರಸ್ಕಾರವಾಗುತ್ತದೆ, ಅದೂ ಕಾಲಿನ ಮಣ್ಣಿಗಾಗಿ. ನಾಳೆಯಿಂದ ಹುಡುಗರು ಇಟಲಿಯವನ ಜೊತೆಗೆ ಇವರ ಹೆಸರನ್ನೂ ಹೇಳುತ್ತಾರೆ, ಆ ಪಾಠ ಮಾಡಬೇಕಾದವನು ನಾನು. ಇದನ್ನು ಸಹಿಸುವುದು ಮನುಷ್ಯಮಾತ್ರನಿಂದ ಆಗದ ಕೆಲಸ.

"ಹಿರಿಯರ," ಎಂದೆ, "ಶರಣರ ಪಾದ ಆ ಕಡೆ ಇದ್ದರ ನೀವು ನಮಸ್ಕಾರ ಮಾಡೂದು ಯಾವುದಕ್ರಿ? ಮುಟ್ಟಾಕ ಸಿಗಲಿ ಅಂತ ಈ ಕಡೆ ಮಾಡ್ಯಾರ."

ಹಿರಿಯರು ಮುಂದೆ ಹೋಗಿ, ಬಗ್ಗಿ, ಹಿಮ್ಮಡಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅವರ ಹಿಂದೆ ಉಳಿದವರು. ಚಿತ್ರ ಉಳಿಯಿತು.

ಬಸ್ಸು ತಿಕೋಟಾ ದಾಟಿದ ಮೇಲೆ ಮಾಸ್ತರರು ನನ್ನ ಕಡೆ ತಿರುಗಿದರು.

"ನಡುವ ಬಾಯಿ ಹಾಕು ಅಂತ ಯಾರು ಹೇಳಿದ್ರಲೇ ನಿನಗ? ಇಟಲಿಯವನ ಮಗ್ಗಲಕ ಕುಂಡರೂ ಹೊತ್ತಿಗೆ ಎಬ್ಬಿಸಿ ಕಳಿಸಿದಿ."

"ನಿಮ್ಮ ಚಿತ್ರ ಉಳಿಸೇನ್ರಿ."

"ಹೊಟ್ಟಿಕಿಚ್ಚಿಗೆ ಉಳಿಸಿದಿ."

ನಾನು ಹೊರಗಿನ ದ್ರಾಕ್ಷಿ ಪಡಗಳನ್ನು ಗಂಭೀರವಾಗಿ ನೋಡತೊಡಗಿದೆ.

"ಇರಲಿ ಬಿಡು," ಎಂದರು ಮಾಸ್ತರರು. "ನೀ ಇಷ್ಟು ಹೊಟ್ಟಿ ಉರಕೊಂಡಿ ಅಂದ್ರ ಚಿತ್ರ ಛಲೋನ ಆಗಿರಬೇಕು. ನನಗ ಅದರ ಬಗ್ಗೆ ಸಂಶೇ ಇತ್ತು."

ಅದಾಗಿ ಎಷ್ಟೋ ವರ್ಷಗಳ ಮೇಲೆ, ಹೋದ ಬೇಸಿಗೆಯಲ್ಲಿ ಮಾಸ್ತರರು ತೀರಿಕೊಂಡರು. ಸುದ್ದಿ ಕೇಳಿ ಅತ್ತುಬಿಟ್ಟೆ. ಮಣ್ಣು ಮಾಡಲು ಬಂದ ಅಷ್ಟೊಂದು ಮಂದಿಯನ್ನು ನೋಡಿದಾಗ, ಅಳುವಿನ ನಡುವೆಯೇ ಹೊಟ್ಟೆಯೂ ಸ್ವಲ್ಪ ಉರಿಯಿತು. ಆಮೇಲೊಂದು ದಿನ ಹೊನವಾಡದ ಹಿರಿಯರು ಫೋನ್ ಮಾಡಿದರು. "ಮುಟ್ಟಿ ಮುಟ್ಟಿ ಹಿಮ್ಮಡಿ ಸವದಾವ್ರಿ. ಮಾಸ್ತರಂತೂ ಇಲ್ಲ. ನೀವರ ಬಣ್ಣಾ ಹಚ್ಚಿ ಕೊಡ್ರಿ."

ಕೊನೆಗೂ ಒಂದು ಗೋಡೆ ನನ್ನನ್ನು ಕರೆದಿತ್ತು. ಹೊಸ ಕುಂಚ ಕೊಂಡು ಹೋದೆ. ಹಿಮ್ಮಡಿಯ ಬಣ್ಣವೆಲ್ಲ ಹೋಗಿ ಬರಿಯ ಗಾರೆ ಕಾಣುತ್ತಿತ್ತು. ಕೈಗಳ ಜಿಡ್ಡಿಗೆ ಅದು ಹೊಳೆಯುತ್ತಿತ್ತು. ನಾನು ಬಣ್ಣ ಕಲಸುತ್ತಿರುವಾಗ ಊಟಕ್ಕೆ ಬಂದ ಮುದುಕಿಯೊಬ್ಬಳು, "ಒಂದೀಟು ಸರಿ ಯಪ್ಪಾ," ಎಂದು ನನ್ನನ್ನು ಬದಿಗೆ ಮಾಡಿ, ಆ ಗಾರೆಯನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಪಂಕ್ತಿಗೆ ಹೋದಳು.

ಬಣ್ಣದ ಪೆಟ್ಟಿಗೆ ಮುಚ್ಚಿದೆ. "ಹಸೀ ಬಣ್ಣಾ ಹಚ್ಚಿದ್ರ ಮಂದಿಗೆ ಮುಟ್ಟಾಕ ಆಗೂದಿಲ್ರಿ. ಹಿಂಗ ಇರಲಿ," ಎಂದು ಹಿರಿಯರಿಗೆ ಹೇಳಿ ಬಸ್ಸು ಹತ್ತಿದೆ.

ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಬರೆದ ಚಿತ್ರಗಳು ಗಾಜಿನ ಚೌಕಟ್ಟಿನಲ್ಲಿವೆ. ಒಂದರ ಬಣ್ಣವೂ ಎಲ್ಲಿಯೂ ಸವೆದಿಲ್ಲ.