ಮೇರಿ ಮಾತೆಗೊಂದು ಹೆಗಲು

ಗದಗಿನ ದಾಕ್ಷಾಯಣಿಯ ಎತ್ತರ ಆರಡಿಗೆ ಒಂದೇ ಇಂಚು ಕಡಿಮೆ. ಊರಲ್ಲಿ ಅವಳನ್ನು ನೋಡಲು ಬಂದ ವರಗಳೆಲ್ಲ, ಅವಳು ಚಹಾ ಕೊಟ್ಟು ನೆಟ್ಟಗೆ ನಿಂತ ಕೂಡಲೇ ಮಾತು ಬದಲಿಸಿ ಎದ್ದು ಹೋಗುತ್ತಿದ್ದರು. ಹೀಗಾಗಿ ಬೆನ್ನು ಬಾಗಿಸಿ ನಡೆಯುವುದು ಅವಳಿಗೆ ರೂಢಿಯಾಗಿತ್ತು. ಎಂ.ಎಸ್ಸಿ. ಓದಲು ಮ್ಯಾಂಚೆಸ್ಟರಿಗೆ ಬಂದಾಗ ಆ ರೂಢಿಯೂ ಜೊತೆಗೇ ಬಂತು.

ಅವಳು ಬಾಡಿಗೆಗಿದ್ದದ್ದು ಅಸುಂತಾ ಎಂಬ ಮುದುಕಿಯ ಮನೆಯ ಮೇಲಿನ ಕೋಣೆಯಲ್ಲಿ. ಅಸುಂತಾಳ ಅಜ್ಜ ಇಟಲಿಯಿಂದ ಬಂದು ಆ ಊರಿನ ಆಂಕೋಟ್ಸ್ ಬಡಾವಣೆಯ ಬೀದಿಗಳಲ್ಲಿ ಐಸ್‌ಕ್ರೀಂ ಗಾಡಿ ತಳ್ಳಿದವನು. ಆ ಕಾಲದಿಂದಲೂ ಅಲ್ಲಿಯ ಇಟಲಿಯವರು ಬೇಸಿಗೆಯ ಒಂದು ಭಾನುವಾರ ಮೇರಿ ಮಾತೆಯ ಮೂರ್ತಿಯನ್ನು ಬಿಳಿ ಲಿಲಿ ಹೂಗಳಿಂದ ಸಿಂಗರಿಸಿ, ಹೆಗಲ ಮೇಲೆ ಹೊತ್ತು ಮೆರವಣಿಗೆ ಹೋಗುತ್ತಾರೆ.

ಆ ವರ್ಷ ಮೆರವಣಿಗೆಯ ಮುನ್ನಾದಿನವೇ ಅಸುಂತಾಳ ಮಗ ರೆಂಜೊ ಸೊಂಟ ಹಿಡಿದು ಮಲಗಿಬಿಟ್ಟ. ಮೂರ್ತಿ ಹೊರುವಾಗ ಮುಂದಿನ ಎಡ ಮೂಲೆ ಅವನದು. ಹೊರುವವರೆಲ್ಲ ಒಂದೇ ಎತ್ತರದವರಿರಬೇಕು, ಇಲ್ಲದಿದ್ದರೆ ಮೂರ್ತಿ ವಾಲುತ್ತದೆ. ಅಡುಗೆಮನೆಯಲ್ಲಿ ಇದೇ ಚಿಂತೆ ನಡೆದಿರುವಾಗ ದಾಕ್ಷಾಯಣಿ ಪಾತ್ರೆಯೊಂದನ್ನು ಮೇಲಿನ ಕಪಾಟಿಗೆ ಇಡಲು ಕೈ ಚಾಚಿದಳು. ಅಸುಂತಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೆಟ್ಟಗೆ ನಿಲ್ಲು ನೋಡೋಣ, ಮಗಳೇ."

ಹೊರುವವರಲ್ಲಿ ಹಿರಿಯನಾದ ಬ್ರೂನೊ ತಕರಾರು ತೆಗೆದ. "ಹುಡುಗಿಯರು ಹೂ ಹಿಡ್ಕೊಂಡು ನಡೀತಾರೆ, ಹೊರೋದಿಲ್ಲ."

"ಹೊರಿಸಿಕೊಳ್ಳೋಳೂ ಹೆಂಗಸೇ ಅಲ್ವೇನೋ?" ಎಂದಳು ಅಸುಂತಾ. ಬ್ರೂನೊ ಎದ್ದು ಬಂದು ದಾಕ್ಷಾಯಣಿಯ ಹೆಗಲಿಗೆ ತನ್ನ ಹೆಗಲು ತಾಗಿಸಿ ಎತ್ತರ ನೋಡಿದ.

ದಾಕ್ಷಾಯಣಿಗೆ ಬೇರೆಯೇ ಅಳುಕು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಇನ್ನೊಬ್ಬರ ದೇವರಿಗೆ ಹೆಗಲು ಕೊಡಬಹುದೇ? ತಾಯಿ ಭಾಗೀರಥಿಗೆ ಫೋನ್ ಮಾಡಿದಳು.

"ಕರದು ಕೇಳ್ಯಾರಂದ್ರ ಒಲ್ಲೆ ಅನಬ್ಯಾಡವಾ," ಎಂದಳು ತಾಯಿ. ಆಮೇಲೆ ದನಿ ತಗ್ಗಿಸಿ, "ಭಾಳ ವಜ್ಜಿ ಇರ್ತೈತೇನು? ಹೊಟ್ಟಿ ತುಂಬ ಉಂಡು ಹೋಗು."

ಮರುದಿನ ಬಿಳಿ ಅಂಗಿ ತೊಟ್ಟು ಹೋದಳು. ಬ್ಯಾಂಡ್ ಶುರುವಾಯಿತು. ಮೊದಲ ತಿರುವಿನಲ್ಲೇ ಬೀದಿಯ ಎರಡೂ ಬದಿಯ ಜನರನ್ನು ಕಂಡು ಅವಳ ಬೆನ್ನು ತಾನಾಗಿ ಬಾಗಿತು. ಮೂರ್ತಿ ಜೋಲಿ ಹೊಡೆಯಿತು. ನಾಲ್ಕಾರು ಲಿಲಿಗಳು ಟಾರು ರಸ್ತೆಗೆ ಉದುರಿದವು.

"ಬಗ್ಗಬೇಡ!" ಹಿಂದಿನಿಂದ ಬ್ರೂನೊ ಗದರಿದ. "ನೀನು ಬಗ್ಗಿದರೆ ಆಕೆಯೂ ಬಗ್ತಾಳೆ!"

ದಾಕ್ಷಾಯಣಿ ಹಲ್ಲು ಕಚ್ಚಿ ಬೆನ್ನು ಸೆಟೆಸಿದಳು. ಮೂರ್ತಿ ನೆಟ್ಟಗಾಯಿತು. ಬ್ರೂನೊ ಮೆಲ್ಲಗೆ "ಊನೊ, ದೂಯೆ" ಎಂದು ಹೆಜ್ಜೆ ಎಣಿಸತೊಡಗಿದ. ಅವಳು ಅದಕ್ಕೆ ತಕ್ಕಂತೆ ಕಾಲು ಹಾಕಿದಳು. ಹೆಗಲು ಉರಿಯುತ್ತಿತ್ತು. ಒಬ್ಬ ಮುದುಕ ಮುಂದೆ ಬಂದು ಅವಳ ತೋಳು ಮುಟ್ಟಿ, ಆ ಬೆರಳನ್ನು ತುಟಿಗೊತ್ತಿಕೊಂಡ. ತನ್ನನ್ನು ನೋಡುತ್ತಿರುವವರ ಎದುರು ತಲೆಯೆತ್ತಿ ಅಷ್ಟು ದೂರ ಅವಳು ಹಿಂದೆಂದೂ ನಡೆದಿರಲಿಲ್ಲ.

ಸಂಜೆಗೆ ಹೆಗಲು ನೀಲಿಗಟ್ಟಿತ್ತು. ಅಸುಂತಾ ಆಲಿವ್ ಎಣ್ಣೆ ಬೆಚ್ಚಗೆ ಮಾಡಿ ತಿಕ್ಕುತ್ತ, ಇಟಾಲಿಯನ್ನಿನಲ್ಲಿ ಯಾರನ್ನೋ ಬಯ್ಯುತ್ತಿದ್ದಳು. ಒಂದಕ್ಷರ ತಿಳಿಯದಿದ್ದರೂ ದಾಕ್ಷಾಯಣಿ ಹೂಂಗುಡುತ್ತ ಕೂತಳು.

ಈಗ ಅವಳು ಹಡರ್ಸ್‌ಫೀಲ್ಡಿನಲ್ಲಿ ಕೆಲಸಕ್ಕಿದ್ದಾಳೆ. ರೆಂಜೊನ ಸೊಂಟ ಎಂದೋ ಸರಿಹೋಗಿದೆ. ಆದರೂ ಬೇಸಿಗೆ ಬಂತೆಂದರೆ ಬ್ರೂನೊನದೇ ಫೋನ್: "ಬೆಳಗ್ಗೆ ರಿಹರ್ಸಲ್ ಇದೆ, ರೈಲು ತಪ್ಪಿಸ್ಕೋಬೇಡ. ಅಸುಂತಾ ನಿನಗೋಸ್ಕರ ಬದನೆಕಾಯಿ ಮಾಡ್ತಿದ್ದಾಳೆ, ಮಾಂಸ ಹಾಕಿಲ್ಲ."